ನಾಕ ಬೆರಳ ಹುಲ್ಲು

ಇಪ್ಪತ್ನಾಲ್ಕು ವರ್ಷ ಗದಗ ಡಿಪೋದ ಚೀಲ
ಹೆಗಲಿಗೆ ಹಾಕಿದಾಕಿ ನಾನು.
ಶಿರಹಟ್ಟಿ, ಬೆಳ್ಳಟ್ಟಿ, ಹೊಳ್ಳಿ ಮತ್ತ ಶಿರಹಟ್ಟಿ.
ನೌಕರಿ ಬಿಟ್ಟ ರೊಕ್ಕದಾಗ ಗುಡ್ಡದ ಬುಡಕ
ಹದಿನೆಂಟು ಎಕರೆ ಮಡ್ಡಿ ತಗೊಂಡೆ.
ಮಂದಿ ನಕ್ಕರು: ದಾವಲಬಿ, ಅಲ್ಲೇನು ಕಲ್ಲು ಬಿತ್ತತೀಯೇನು?
ಬಿತ್ತಲಿಲ್ಲ. ನಲವತ್ತು ಕುರಿ ತಂದು ಬಿಟ್ಟೆ.

ಎಣಿಸೂದೊಂದ ಬರತಿತ್ತು ನನಗ.
ಹತ್ತಿದವರೆಷ್ಟು, ಇಳದವರೆಷ್ಟು.
ಸಂಜಿಗೆ ಹಟ್ಟಿ ಬಾಗಲದಾಗ ನಿಂತು,
ನಲವತ್ತೂ ಒಳಗ, ರೈಟ್ ಅಂತಿದ್ದೆ.
ಹುಲ್ಲಿಗೂ ಒಂದ ಲೆಕ್ಕ ಇರತದಂತ
ಯಾವ ತರಬೇತಿಯಾಗೂ ಹೇಳಿರಲಿಲ್ಲ.

ಮೊದಲ ವರ್ಷ ಕುರಿ ಬೇಕಾದಲ್ಲಿ ಕುಂತವು.
ಕರಿಕಿ ಇದ್ದಲ್ಲಿ ದಿನಾ ಅವ,
ನಿನ್ನಿ ಚಿಗುರಿದ್ದು ಇವತ್ತ ಬಾಯಾಗ.
ಸೂಜಿಹುಲ್ಲಿನ ಕಡೆ ಹೊಳ್ಳಿ ನೋಡಲಿಲ್ಲ.
ದೀಪಾವಳಿ ದಾಟೂದರಾಗ
ಕರಿಕಿ ಇದ್ದಲ್ಲಿ ಕೆಂಪ ನೆಲ, ಗೊರಸಿನ ಗುರುತು.
ತಂಗಡಿ ಗಿಡ ಮಾತ್ರ ಹಳದಿ ಹೂ ಹೊತ್ತು
ನಿಂತಿದ್ದವು, ಇಳಿಯೂ ಊರ ಗೊತ್ತಿಲ್ಲದವರಂಗ.

ಮಾಳವ್ವ ಬಂದ್ಲು, ಹೆಗಲ ಮ್ಯಾಲ ಕಂಬಳಿ, ಕೈಯಾಗ ಕುರಪಿ.
ಬೈಯಲಿಲ್ಲ. ಎರಡ ಬಡ್ಡಿ ಕಿತ್ತಿದ್ಲು:
ಒಂದ ನನ್ನ ಮಡ್ಡೀದು,
ಒಂದ ನಮ್ಮ ಖಬರಸ್ತಾನದ ಗ್ವಾಡಿ ಒಳಗಿಂದು,
ಯಾವ ಕುರಿನೂ ಬಾಯಿ ಹಾಕದ್ದು.
ಅದರ ಬೇರು ಮೊಳಕೈ ತನಕ.
ನಂದರ ಬೇರು ಮೂರ ದಿನದ ಗಡ್ಡ.
"ಮ್ಯಾಲ ಎಷ್ಟ ಕೊರದಿ, ಕೆಳಗೂ ಅಷ್ಟ ಕೊರದಿ.
ಹುಲ್ಲಂದ್ರ ಅರ್ಧ ಬಿಸಲಾಗ, ಅರ್ಧ ಕತ್ತಲದಾಗ.
ನೀ ಬರೇ ಕುರಿ ಎಣಿಸಿದಿ."

ನನ್ನ ಕೈ ಹಿಡದು ನೆಲಕ್ಕ ಊರಿದ್ಲು.
ಗೇಣಿಗೆ ಬಂದ್ರ ಒಳಗ ಬಿಡು,
ನಾಕ ಬೆರಳಿಗೆ ಇಳದ್ರ ಹೊರಗ ಹೊಡಿ.
ಹಂಗಂತ ಜಿಪುಣಾಕಿ ಆಗಬ್ಯಾಡ ಅಂತ
ಹಿಕ್ಕಿ ಒಡದು ತೋರಿಸಿದ್ಲು:
ಒಳಗ ಬರೇ ನಾರು ಇದ್ರ
ಹುಲ್ಲು ನಿನ್ನ ಕಾಯ್ಕೋತ ಮುಪ್ಪಾಗೇತಿ ಅಂತ ತಿಳಿ.
ಟಿಕೇಟ ಹರದು ಹರದು ಸವದ ಹೆಬ್ಬಟ್ಟು ಮಡಚಿ
ಅಳಿಯೂದು ಕಲತೆ.

ಎರಡನೇ ವರ್ಷ ಬಾರಿಮುಳ್ಳು ಹಚ್ಚಿ ಆರು ತುಂಡು.
ಹಳೇ ವೇಬಿಲ್ಲಿನ ಬೆನ್ನಿಗೆ ಟೈಂಟೇಬಲ್ ಬರದೆ,
ಹುಣ್ಣಿವಿಗೆ ಒಂದನೇದು, ಒಂಬತ್ತ ದಿನಕ್ಕ ಎರಡನೇದು.
ಮಾಳವ್ವ ಓದಿಸಿ ಕೇಳಿದ್ಲು.
"ಮಳಿ ನಿನ್ನ ಡಿಪೋದಿಂದ ಬಿಡತಾರೇನು?"
ಆಶ್ಲೇಷ ಒಣಾ ಹೋತು. ಮಘಿ ಎಂಟ ದಿನ ಬಡೀತು.
ಟೈಂಟೇಬಲ್ ಒಲಿಗೆ ಹಾಕಿ
ಮತ್ತ ಬೆರಳ ಹಿಡದೆ.

ಒಂದ ತಪ್ಪು ಹೇಳತೇನಿ.
ಮೂರನೇ ತುಂಡಿನ ಬಾಗಲದಾಗ
ಅವಳಿ ಮರಿ ಹಾಕಿದ ಕುರಿ ಒದರಿ ಒದರಿ ಗಂಟಲ ಕಟಗೊಂಡಿತ್ತು.
ಹುಲ್ಲು ಇನ್ನೂ ಐದ ಬೆರಳು. ಬಿಟ್ಟೆ.
ಒಂದಕ್ಕಂತ ತಗದ ಬಾಗಲದಾಗ ನಲವತ್ತೂ ಹೊಕ್ಕವು.
ಆ ತುಂಡು ಈಗೂ ಬೋಳು.
ಕುರಿ ಬದುಕೇತಿ, ಮರಿ ಎರಡೂ ಬದುಕ್ಯಾವು.
ಯಾವುದನ್ನ ಯಾವುದರಾಗ ಕಳೀಬೇಕೋ
ಇನ್ನೂ ತಿಳಿದಿಲ್ಲ.

ನನ್ನ ನೌಕರಿಯಾಗ ಖಾಲಿ ಸೀಟಂದ್ರ ಮೆಮೊ.
ಗಾಡಿ ಬರದ ಯಾಕ ತಂದಿ ಅಂತ ಕೇಳಾಂವ ಸಾಹೇಬ.
ಈಗ ಐದನೇ ತುಂಡಿನ ಬೇಲಿ ಹತ್ತರ ನಿಂತೇನಿ.
ಒಂದೂ ಕುರಿ ಇಲ್ಲ.
ಹಂಚಿಹುಲ್ಲು ಗಾಳಿ ಬಂದ ಕಡೆ ಬೆಳ್ಳಗ ವಾಲತೈತಿ,
ಒಳಗೆಲ್ಲೋ ಪುರಲಿ ಒಂದ ಕರೀತೈತಿ.
ಖಾಲಿ ಓಡಸಾಕತ್ತೇನಿ ಸಾಹೇಬ,
ಬರಕೋ.

ಸೆರಗಿನ ತುಂಬ ಹುಲ್ಲಬೀಜ ಹತ್ಯಾವು,
ಟಿಕೇಟಿಲ್ಲದ ಮಂದಿ.
ಸೂಜಿ ಇದ್ದವನ್ನ ಆರಿಸಿ ಒಗದು
ಉಳದವರನ್ನ ಬೋಳ ತುಂಡಿನ ತನಕ ಒಯ್ದು
ಒಂದೊಂದ ಇಳಸತೇನಿ.